ಕಾಕಾರ ಮೂರು ಬೆರಳು

ಮೊನ್ನೆ ಚಿತ್ತಾಪುರದಲ್ಲಿ ನಮ್ಮ ಚಿಕ್ಕಪ್ಪ ಕಾಕಾರ ಮನೆಯಲ್ಲಿ ಕಾಕು ಗೂಡಿನಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಣಶುಂಠಿ, ಅಜವಾನ, ಇಂಗು ಮೂರೂ ಕೂಡಿ ಮೂಗಿಗೆ ಬಡಿದವು. ನನ್ನ ಬಲಗೈ ತಾನಾಗಿಯೇ ಮುಂದೆ ಚಾಚಿಕೊಂಡಿತು. ನಗಬೇಡಿ, ಆ ಮನೆಯಲ್ಲಿ ಬೆಳೆದ ಯಾರ ಕೈಯಾದರೂ ಹಾಗೇ ಮಾಡುತ್ತದೆ.

ಅಲ್ಲಿ ಬೆಳಗಿನ ಚಹಾಕ್ಕೆ ಮುಂಚೆ ನಾಡಿ ಕೊಡಬೇಕಿತ್ತು. ಕಾಕಾ ಸಾಲಿ ಮಾಸ್ತರರು. ವೈದ್ಯಕಿ ಅವರಿಗೆ ಅವರಪ್ಪನಿಂದ ಬಂದದ್ದು. "ಕೈ ತಾ ಇಲ್ಲಿ" ಎಂದರೆ ಗಂಡಸರು ಬಲಗೈ, ಹೆಂಗಸರು ಎಡಗೈ ಚಾಚಬೇಕು. ಹೆಬ್ಬೆರಳ ಬುಡದಲ್ಲಿ ಮೂರು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು. ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರದ ಬೆರಳಿಗೆ ಕಫ. ವಾತ ಹಾವಿನ ಹಾಗೆ ಹರಿಯುತ್ತದಂತೆ, ಪಿತ್ತ ಕಪ್ಪೆಯ ಹಾಗೆ ಜಿಗಿಯುತ್ತದಂತೆ, ಕಫ ಹಂಸದ ಹಾಗೆ ತೇಲುತ್ತದಂತೆ. ನಮ್ಮ ಕಡೆ ಹಂಸ ಕಂಡವರು ಯಾರು? ಎಮ್ಮೆ ಎಂದು ನಾನು ತಿದ್ದಿದೆ.

"ಎಮ್ಮೀನೂ ನಡೀತದ," ಎಂದರು ಕಾಕಾ, "ಆದ್ರ ಕೆರಿಯೊಳಗ ಇಳಿದಿದ್ದು ಬೇಕು."

ನಾಡಿ ಏನೇ ಹೇಳಲಿ, ಹೊಟ್ಟೆಯ ಅಗ್ನಿ ಸರಿಯಿದ್ದರೆ ಅರ್ಧ ರೋಗ ಬಾಗಿಲಲ್ಲೇ ತಿರುಗಿ ಹೋಗುತ್ತದೆಂದು ಎಲ್ಲರ ಅಂಗೈಗೂ ಆ ಡಬ್ಬಿಯಿಂದ ಚಿಟಿಕೆ ಚೂರ್ಣ ಬೀಳುತ್ತಿತ್ತು.

ನಾನೋ, ಮಂದಿಯ ದನಿ ಕದಿಯುವವ. ಕಾಕಾರ ಪಾಠವನ್ನು ವಾಡಿ ಸ್ಟೇಷನ್ನಿನಲ್ಲಿ ನಡೆದಂತೆ ಪಡಸಾಲೆಯಲ್ಲೇ ಆಡಿ ತೋರಿಸುತ್ತಿದ್ದೆ. ಗಾಡಿ ತಡ ಎಂದು ಕೂಗಿದರೆನ್ನಿ. ವಾತದವ ಈ ಪ್ಲಾಟ್‌ಫಾರ್ಮಿನಿಂದ ಆ ಪ್ಲಾಟ್‌ಫಾರ್ಮಿಗೆ ಓಡುತ್ತಾನೆ, ಕಂಡವರನ್ನೆಲ್ಲ ಮಾತಾಡಿಸುತ್ತಾನೆ, ಟಿಕೆಟ್ ಎಲ್ಲಿಟ್ಟೆನೆಂದು ಕಿಸೆ ತಡಕುತ್ತಾನೆ. ಪಿತ್ತದವ ಕಿಟಕಿಯ ಮುಂದೆ ನಿಂತು, "ಏನ್ ತಮಾಷಾ ಹಚ್ಚೀರೇನ್ರಿ?" ಎಂದು ಬೆವರುತ್ತಾನೆ. ಕಫದವ ಚಾದರ ಹಾಸಿ ಮಲಗುತ್ತಾನೆ, ಗಾಡಿ ಬಂದು ಹೋದ ಮೇಲೆ ಎದ್ದು, "ಬಂತೇನು?" ಅನ್ನುತ್ತಾನೆ. ಕಾಕು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

"ಮೂವರೂ ಒಬ್ಬನೊಳಗ ಇರ್ತಾರಲೇ," ಎನ್ನುತ್ತಿದ್ದರು ಕಾಕಾ. "ಮೂವರೂ ಕೂಡಿ ಗಾಡಿ ಹತ್ತಿದ್ರ ಆರಾಮ ಇದ್ದಾನಂತ ತಿಳಿ."

ನಾನು ಓದುತ್ತಿದ್ದ ಸೇಡಂ ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ಹತ್ತಿರ ಬಂದಾಗ ನನ್ನ ಗಂಟಲು ಕಟ್ಟಿತು. ಆ ಸಲ ವೇದಿಕೆಯೆಲ್ಲ ನನ್ನದೇ ಎಂದು ಗಾಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ. ದನಿ ಹೋದರೆ ನನ್ನಲ್ಲಿ ಉಳಿಯುವುದೇನು? ಈ ಮೋರೆ ನೋಡಿ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ.

ಕಾಕಾ ನಾಡಿ ಹಿಡಿದರು, ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಜಗ್ಗಿದರು. "ದನೀನೂ ನೋಡಬೇಕಾಗ್ತದ. ನಿನ್ನ ಹೆಸರು ಹೇಳು."

ಹೇಳಿದೆ.

"ಇದು ನಿಮ್ಮಪ್ಪಂದು."

ಮತ್ತೆ ಹೇಳಿದೆ.

"ಇದು ನಮ್ಮ ಹೆಡ್‌ಮಾಸ್ತರಂದು."

ಮೂರನೇ ಸಲ, ಕಿಡಿಗೇಡಿತನ ಅಲ್ಲ, ಆಣೆ ಮಾಡಿ ಹೇಳುತ್ತೇನೆ, ಆ ಒಡಕು ಗಂಟಲಿನಿಂದ ಕಾಕಾರೇ ಹೊರಬಂದರು. ಒಳಗಿನಿಂದ ಕಾಕು, "ಏನ್ರಿ, ಆ ಹುಡುಗನ್ನ ಯಾಕ ಕರೀಲಿಕತ್ತೀರಿ? ನಿಮ್ಮ ಮುಂದಽ ಕುಂತಾನಲ್ಲ!" ಎಂದರು. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ.

"ನನಗ ರೋಗ ಇಲ್ಲಪಾ. ನಿನ್ನ ದನಿ ತಾ."

ಹುಡುಕಿದೆ. ಸಿಗಲಿಲ್ಲ. ಗಂಟಲು ಕಟ್ಟಿದಾಗಲೂ ಅಷ್ಟು ಹೆದರಿರಲಿಲ್ಲ.

ಬಿಸಿ ಹಾಲಿಗೆ ತುಪ್ಪ, ಚೀಪಲು ಜ್ಯೇಷ್ಠಮಧುವಿನ ತುಂಡು, ಬಾಯಿ ಬಂದ್. ಹೆಚ್ಚು ಮಾತಾಡಿದರೆ ವಾತ ಕೆರಳುತ್ತದೆ, ಕೆರಳಿದ ವಾತ ಗಂಟಲು ಒಣಗಿಸುತ್ತದೆ ಎಂದರು. ನಾನು ಸುಮ್ಮನಿರುವುದನ್ನು ನೋಡಲು ಓಣಿಯ ಮಂದಿ ಬಂದು ಹೋದರು. ಗ್ಯಾದರಿಂಗ್ ನಾನಿಲ್ಲದೆಯೂ ಚೆನ್ನಾಗಿಯೇ ಆಯಿತಂತೆ. ಅದೊಂದು ನೋವು ಯಾವ ಚೂರ್ಣಕ್ಕೂ ಇಳಿಯಲಿಲ್ಲ. ಆಮೇಲೊಂದು ಮಧ್ಯಾಹ್ನ ನಿದ್ದೆಗಣ್ಣಲ್ಲಿ ಎದ್ದು, "ಕಾಕು, ನೀರು ಕೊಡ್ರಿ" ಅಂದೆ. ತೆಳ್ಳಗಿನ, ಸ್ವಲ್ಪ ಸಂಕೋಚದ ದನಿ. ಯಾರು ಮಾತಾಡಿದರೆಂದು ನಾನೇ ತಿರುಗಿ ನೋಡಿದೆ.

ಪಡಸಾಲೆಯಿಂದ ಕಾಕಾ ಕೂಗಿದರು: "ಹಾಂ, ಸಿಕ್ತು ನೋಡು! ಅದನ್ನ ಜತನ ಮಾಡು."

ಹೋದ ವರ್ಷ ಕಾಕಾ ತೀರಿಕೊಂಡರು. ಅಂದಿನಿಂದ ಅವರ ದನಿಯನ್ನು ನಾನು ತೆಗೆದಿರಲಿಲ್ಲ. ಕೇಳಿದರೆ ಕಾಕು ಏನಾಗುತ್ತಾರೋ ಎಂಬ ಅಂಜಿಕೆ. ಮೊನ್ನೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವರೇ ಕೇಳಿದರು.

"ಒಮ್ಮೆ ಅವರಂಗ ಮಾತಾಡಪಾ. ಅವರ ಮಾರಿ ಕಣ್ಣ ಮುಂದ ಅದ, ದನಿ ಮರೀಲಿಕತ್ತೀನಿ."

ಒಳಗೆ ಅವರ ಸೊಸೆಯ ಲಟ್ಟಣಿಗೆ ನಿಂತಿತು. ನಾನು ಗಂಟಲು ಸರಿಮಾಡಿಕೊಂಡು, "ಕೈ ತಾ ಇಲ್ಲಿ," ಅಂದೆ.

ಕಾಕು ಎಡಗೈ ಚಾಚಿದರು. ಆಟಕ್ಕೆ ಚಾಚಿದ ಕೈಯಲ್ಲ ಅದು, ಕಣ್ಣು ಮುಚ್ಚಿದ್ದರು. ಮೂರು ಬೆರಳಿಟ್ಟೆ. ಹಾವೋ, ಕಪ್ಪೆಯೋ, ಎಮ್ಮೆಯೋ, ನನಗೇನು ತಿಳಿಯುತ್ತದೆ? ಕೆಳಗೆ ಏನೋ ಸಣ್ಣಗೆ ಬಡಿಯುತ್ತಿತ್ತು, ಅಷ್ಟೇ. ಮುಂದೆ ಕಾಕಾ ಹೇಳುತ್ತಿದ್ದ ಮಾತುಗಳೆಲ್ಲ ನನಗೆ ಬಾಯಿಪಾಠ. ಒಂದೂ ಬರಲಿಲ್ಲ.

"ರಾತ್ರಿ ನಿದ್ದಿ ಹತ್ತಂಗಿಲ್ಲೇನು ಕಾಕು?" ಎಂದೆ, ನನ್ನದೇ ಆ ತೆಳ್ಳಗಿನ ದನಿಯಲ್ಲಿ.

"ಹತ್ತಂಗಿಲ್ಲಪಾ," ಎಂದರು. ಕೈ ಹಿಂದೆ ತೆಗೆಯಲಿಲ್ಲ.