ಅಡ್ಡ ಬರದ ನಾಯಿ

ಮನುಷ್ಯನಿಗೆ ಕಾಯಿಲೆ ಯಾವ ಗಳಿಗೆಯಲ್ಲಿ ಬರುತ್ತದೆಂದು ಬಲ್ಲವರಿಲ್ಲ. ಆದರೆ ಪಾಲಿಸಿ ಮಾಡಿಸಿದ ಮೇಲೆ ಮೂವತ್ತು ದಿನ ತಡೆದು ಬರುವುದೇ ಅದಕ್ಕೆ ಶೋಭೆ ಎಂಬುದು ವಿಮಾ ಕಂಪನಿಯವರ ಅಭಿಪ್ರಾಯ. ಈ ಸೂಕ್ಷ್ಮ ನಮಗೆ ಮನದಟ್ಟಾದದ್ದು ಹೋದ ವರ್ಷದ ಶ್ರಾವಣದಲ್ಲಿ.

ಹೊಸದುರ್ಗದ ತಾಲ್ಲೂಕು ಕಚೇರಿ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಸುತ್ತಲಿನ ಊರುಗಳವರ ಆಧಾರ್, ಪಹಣಿ, ರೇಷನ್ ಕಾರ್ಡುಗಳೆಲ್ಲ ನನ್ನ ಕೈ ದಾಟಿಯೇ ಒಳಗೆ ಹೋಗುತ್ತವೆ. ಹೀಗಾಗಿ ಸರ್ಕಾರದ ಯೋಜನೆಗಳಲ್ಲಿ ನಾನು ಪಂಡಿತನೆಂದು ಮನೆಯವರೂ, ಅವರಿಗಿಂತ ಹೆಚ್ಚಾಗಿ ನಾನೂ ನಂಬಿದ್ದೆವು.

ನನ್ನ ಅಕ್ಕನನ್ನು ಕೊಟ್ಟಿರುವುದು ಮತ್ತೋಡಿಗೆ. ಭಾವ ತಿಪ್ಪೇಸ್ವಾಮಿ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮಗಳ ಮದುವೆಯಾಗಿತ್ತು, ಮನೆಯಲ್ಲಿ ಇಬ್ಬರೇ. ಹಿಂದೆ ಅವರದು ಬಿಪಿಎಲ್ ಕಾರ್ಡು. ದೊಡ್ಡ ಕಾಯಿಲೆ ಬಂದರೆ ಆಸ್ಪತ್ರೆಯ ಖರ್ಚು ಸರ್ಕಾರದ್ದು. ಭಾವ ಒಂದು ಹಳೆಯ ಕಾರು ಕೊಂಡರು, ಕಾರ್ಡು ರದ್ದಾಯಿತು. ಕಾರು ಆರು ತಿಂಗಳಿಗೆ ಕೆಟ್ಟು ನಿಂತು, ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಆದರೂ ಸರ್ಕಾರದ ದೃಷ್ಟಿಯಲ್ಲಿ ಭಾವ ಕಾರಿನ ಯಜಮಾನರೇ. ಎಪಿಎಲ್‌ನವರಿಗೆ ಅದೇ ಯೋಜನೆಯಲ್ಲಿ ಸಿಗುವುದು ಖರ್ಚಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಸಹಕಾರ ಸಂಘದ ಸದಸ್ಯರಿಗೆಂದು ಇನ್ನೊಂದು ಯೋಜನೆ ಇದೆ. ಅದರ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ, ನಾವು ವಿಚಾರಿಸಿದಾಗ ಮುಚ್ಚಿತ್ತು. ಇನ್ನು ಉಳಿದದ್ದು ಕೈಯಿಂದ ಕಂತು ಕಟ್ಟಿ ಮಾಡಿಸುವ ಪಾಲಿಸಿ ಒಂದೇ.

ಆಷಾಢದ ಮೊದಲ ವಾರ ಪರಿಚಯದ ಏಜೆಂಟರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮತ್ತೋಡಿಗೆ ಹೋದೆ. ಭಾವ ಮೈಮೇಲಿನ ಹಿಟ್ಟು ಕೊಡವುತ್ತಾ ಬಂದು ಕುಳಿತರು.

“ಬಿಪಿ, ಶುಗರ್ ಏನಾರ ಐತೇನ್ರಿ?” ಎಂದರು ಏಜೆಂಟರು.

“ನೋಡಿಸಿದ್ರೆ ತಾನೇ ಇರಾದು” ಎಂದರು ಭಾವ. “ಅಲ್ರಿ, ಕಾಯಿಲೆ ಬರ್ಲಿಲ್ಲ ಅಂದ್ರೆ ಕಟ್ಟಿದ ದುಡ್ಡು ವಾಪಸ್ ಬರ್ತೈತಾ?”

“ಬರಲ್ರಿ.”

ಭಾವ ನನ್ನ ಕಡೆ ತಿರುಗಿದರು. “ಅಂದ್ರೆ ದುಡ್ಡು ವಸೂಲಾಗ್ಬೇಕು ಅಂದ್ರೆ ನಾನು ಮಲಗ್ಬೇಕು. ಏನಪ್ಪ ಪಂಡಿತ, ಇದೇನಾ ನೀನು ತಂದಿರೋ ಒಳ್ಳೆ ಸುದ್ದಿ?”

ಹಾಗೆಂದರೂ ಅವರು ಒಪ್ಪಿದರು. ಒಪ್ಪದವಳು ಅಕ್ಕ. “ಆಷಾಡದಾಗೆ ಆಸ್ಪತ್ರೆ ಹೆಸ್ರಲ್ಲಿ ದುಡ್ಡು ಕಟ್ಟಾದಾ? ಈ ತಿಂಗ್ಳು ನಾವು ಹೊಸ ಪೊರಕೆ ಸೈತ ತರಲ್ಲ. ಭೀಮನ ಅಮಾಸೆ ಕಳೀಲಿ, ಶ್ರಾವಣದ ಮೊದಲ್ನೇ ಸೋಮವಾರ ಕಟ್ಟಾಣ.”

“ಕಟ್ಟಿದ ದಿನದಿಂದ ಮೂವತ್ತು ದಿನ ಕಾಯಿಲೆಗೆ ದುಡ್ಡು ಬರಲ್ಲ ಅಕ್ಕಾರೆ. ಬೇಗ ಕಟ್ಟಿದಷ್ಟೂ ಒಳ್ಳೇದು” ಎಂದು ಏಜೆಂಟರು ಹೇಳಿ ನೋಡಿದರು.

“ಐವತ್ತು ವರ್ಷ ಬರದೇ ಇರೋ ಕಾಯಿಲೆ ಒಂದು ತಿಂಗ್ಳಿಗೆ ಅವಸರ ಮಾಡ್ತೈತಾ? ಕಾಫಿ ಕುಡೀರಿ” ಎಂದರು ಭಾವ. ನಾನೂ ಕಾಫಿ ಕುಡಿದೆ.

ಭೀಮನ ಅಮಾವಾಸ್ಯೆಯ ದಿನ ಅಕ್ಕ ಭಾವನ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಆಯುಷ್ಯ ಬೇಡಿಕೊಂಡಳು. “ಸಾಕು ಬಿಡೇ, ಕಚಗುಳಿ ಆಗ್ತೈತೆ” ಎಂದು ಭಾವ ಕಾಲು ಎಳೆದುಕೊಳ್ಳುತ್ತಿದ್ದರು. ಶ್ರಾವಣದ ಮೊದಲ ಸೋಮವಾರ ಶುಭ ಗಳಿಗೆ ನೋಡಿ ಇಬ್ಬರ ಹೆಸರಿನಲ್ಲೂ ಕಂತು ಕಟ್ಟಿದೆವು.

ಅದೇ ಶ್ರಾವಣದ ಕೊನೆಯ ಸೋಮವಾರ ಬೆಳಿಗ್ಗೆ ಗಿರಣಿಗೆ ಬೆಲ್ಟು ತರಲು ಭಾವ ಮೊಪೆಡ್ ಏರಿ ಹೊರಟವರು ಊರಾಚೆಯ ತಿರುವಿನಲ್ಲಿ ಬಿದ್ದರು. ಹಿಂದೆ ಬರುತ್ತಿದ್ದ ಪಕ್ಕದ ಮನೆಯ ಕಲ್ಲೇಶಿ ಅವರನ್ನು ಆಟೋದಲ್ಲಿ ಹಾಕಿಕೊಂಡು ಹೊಸದುರ್ಗಕ್ಕೆ ತಂದ. ಹಣೆ ಒಡೆದಿತ್ತು, ಬಾಯಿ ಒಂದು ಕಡೆ ಎಳೆದಿತ್ತು. ಅಲ್ಲಿಂದ ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಸ್ಕ್ಯಾನ್ ಮಾಡಿ ನೋಡಿ, ತಲೆಯೊಳಗೆ ರಕ್ತಸ್ರಾವವಾಗಿದೆ, ಇವತ್ತೇ ಆಪರೇಷನ್ ಆಗಬೇಕು ಎಂದರು.

ವಿಮೆಯ ಕೌಂಟರಿನಲ್ಲಿ ಕುಳಿತಿದ್ದ ಹುಡುಗಿ ಪಾಲಿಸಿಯ ತಾರೀಕು ನೋಡಿ, “ಮೂವತ್ತು ದಿನ ಆಗಿಲ್ಲ ಸರ್. ಕಾಯಿಲೆ ಅಂತಾದ್ರೆ ಬರಲ್ಲ. ಆಕ್ಸಿಡೆಂಟ್ ಆದ್ರೆ ಮೊದಲ್ನೇ ದಿನದಿಂದ್ಲೇ ಬರ್ತೈತೆ. ಡಾಕ್ಟ್ರು ಏನ್ ಬರೀತಾರೆ ನೋಡಿ” ಎಂದಳು.

ಅಲ್ಲಿಗೆ ಪ್ರಶ್ನೆ ವೇದಾಂತದ ಮಟ್ಟಕ್ಕೆ ಏರಿತು: ಭಾವ ಬಿದ್ದದ್ದರಿಂದ ರಕ್ತನಾಳ ಒಡೆಯಿತೋ, ರಕ್ತನಾಳ ಒಡೆದದ್ದರಿಂದ ಭಾವ ಬಿದ್ದರೋ? ಕಲ್ಲೇಶಿ ನನ್ನನ್ನು ಮೆಟ್ಟಿಲ ಬಳಿಗೆ ಎಳೆದ.

“ನಾಯಿ ಅಡ್ಡ ಬಂತು ಅನ್ನಾಣ.”

“ಬಂದಿತ್ತಾ?”

“ಬರಬೇಕಪ್ಪ ಈಗ! ನಮ್ಮೂರಾಗೆ ನಾಯಿಗೇನು ಬರ ಐತೆ?”

ಅಷ್ಟರಲ್ಲಿ ಊರಿನಿಂದ ಇನ್ನೂ ನಾಲ್ವರು ಬಂದಿದ್ದರು. ಅರ್ಧ ಗಂಟೆಯೊಳಗೆ ಎಲ್ಲರೂ ಆ ನಾಯಿಯನ್ನು ಕಂಡವರಾದರು. ಬಣ್ಣದ ವಿಷಯದಲ್ಲಿ ಮಾತ್ರ ಒಮ್ಮತವಿರಲಿಲ್ಲ. ಇಬ್ಬರಿಗೆ ಅದು ಕಂದು, ಮಿಕ್ಕವರಿಗೆ ಕರಿ. ಅವರ ಜೊತೆ ಬಂದಿದ್ದ ಅಕ್ಕ ಗೋಡೆಗೆ ಒರಗಿ ಕುಳಿತು ಎಲ್ಲರ ಮುಖ ನೋಡುತ್ತಿದ್ದಳು.

ಡಾಕ್ಟರು ಮಂಚದ ಹತ್ತಿರ ಬಂದು, “ಏನಾಯ್ತು, ಹೇಗೆ ಬಿದ್ರು?” ಎಂದು ಕೇಳಿದರು.

“ನಾಯಿ ಸರ್” ಎಂದ ಕಲ್ಲೇಶಿ. “ದಿಢೀರ್ ಅಂತ ಅಡ್ಡ ಬಂತು.”

ಭಾವ ಕಣ್ಣು ತೆರೆದರು. ಸೊಟ್ಟಗಾದ ಬಾಯಿಯಿಂದ ಒಂದೊಂದೇ ಮಾತು ಹೊರಬಂತು. “ನಾಯಿ... ಇಲ್ಲ. ಕೈ... ಜೋಮು ಹಿಡೀತು. ಆಮ್ಯಾಕೆ... ಬಿದ್ದೆ.”

“ಭಾವ, ನೀವು ಸುಮ್ನಿರ್ರಿ, ಮಾತಾಡಬ್ಯಾಡ್ರಿ” ಎಂದೆ. ಅವರ ಆರೋಗ್ಯದ ಕಾಳಜಿಯಿಂದ ಹೇಳಿದಂತೆಯೇ ಅದು ಕೇಳಿಸಿತು.

ಅವರು ನನ್ನನ್ನು ನೋಡಿದರು. “ಲೇ... ಕಲ್ಲೇಶಿ ನಾಯಿ... ಬೇರೆ ಸಾಕ್ತಾನಾ?” ಎಂದರು. ಒಂದೇ ಪಕ್ಕದಲ್ಲಿ ನಗು ಬಂತು. ನಾನು ಕೇಳಿದ ಅವರ ಕೊನೆಯ ತಮಾಷೆ ಅದು.

ಡಾಕ್ಟರು ಕೆಟ್ಟವರಲ್ಲ. ನನ್ನನ್ನು ಹೊರಗೆ ಕರೆದು, “ಅವರು ಸುಮ್ನಿದ್ರೂ ಸ್ಕ್ಯಾನ್ ಸುಮ್ನಿರಲ್ಲ. ಇದು ಬಿಪಿ ಏರಿ ಆಗಿರೋದು. ಎಷ್ಟು ವರ್ಷದಿಂದ ಇತ್ತೋ” ಎಂದರು. ಮಧ್ಯಾಹ್ನ ಕಂಪನಿಯಿಂದ ಆಗುವುದಿಲ್ಲವೆಂದು ಉತ್ತರ ಬಂತು. ಅಕ್ಕ ಎದ್ದು ಬಂದು ಬಳೆ, ಸರ ಬಿಚ್ಚಿ ನನ್ನ ಕೈಗಿಟ್ಟಳು. “ಮೊದ್ಲು ಆಪರೇಷನ್ ಮಾಡಿಸಪ್ಪ. ಆಷಾಡ ಅಂದಿದ್ದು ನಾನು” ಎಂದಳು. ಸರ್ಕಾರದ ಯೋಜನೆಯಲ್ಲಿ ಎಪಿಎಲ್‌ನವರ ಪಾಲು ಸಿಕ್ಕಿತು. ಉಳಿದದ್ದು ಒಡವೆಯಿಂದ ಆಯಿತು. ಸಂಜೆಯೊಳಗೆ ಆಪರೇಷನ್ ಕೂಡ ಆಯಿತು. ಉತ್ತರಕ್ಕೆ ಕಾಯದೆ ಬೆಳಿಗ್ಗೆಯೇ ಮಾಡಿಸಿದ್ದರೆ ಏನಾಗುತ್ತಿತ್ತೆಂದು ನಾನು ಡಾಕ್ಟರನ್ನು ಕೇಳಲಿಲ್ಲ.

ಈಗಲೂ ಅಂಗಡಿಗೆ ಪಾಲಿಸಿಯ ಕಾಗದ ಝೆರಾಕ್ಸ್ ಮಾಡಿಸಲು ಬರುವವರಿಗೆ, ಬಿಪಿ ನೋಡಿಸಿ, ಕಂತು ಇವತ್ತೇ ಕಟ್ಟಿ ಎನ್ನುತ್ತೇನೆ. ಕೆಲವರು ಪಂಚಾಂಗ ನೋಡಿ ಬರುತ್ತೇವೆ ಎನ್ನುತ್ತಾರೆ. ಕಾಗದ ಮಡಿಸಿ ಅವರ ಕೈಗಿಡುತ್ತೇನೆ. ಭಾವನ ಮನೆಯಲ್ಲಿ ಕುಡಿದ ಆ ಕಾಫಿ ನೆನಪಾಗುತ್ತದೆ.

ಹೋದ ವರ್ಷ ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಭಾವ ತೀರಿಕೊಂಡರು. ಈ ವರ್ಷ ಭೀಮನ ಅಮಾವಾಸ್ಯೆಯ ದಿನ ಅಕ್ಕ ಬೆಳಗಿನ ಬಸ್ಸಿಗೇ ಹೊಸದುರ್ಗಕ್ಕೆ ಬಂದು, ತನ್ನೊಬ್ಬಳ ಹೆಸರಿನಲ್ಲಿ ಉಳಿದಿರುವ ಪಾಲಿಸಿಯ ಕಂತು ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಮತ್ತೋಡಿಗೆ ವಾಪಸಾದಳು.