ಪ್ರಾಸಿಕ್ಯೂಟರ್ ಮನೆಗೆ ಬಂದ ಲಗ್ನಪತ್ರಿಕೆ

ಹೆದರಿಕೆಯಾದರೆ ಪ್ರಿಯಂವದಾಗೆ ಮೊದಲು ಕೆಡುವುದು ಹೊಟ್ಟೆ. ಎದೆ ಬಡಿದುಕೊಳ್ಳುವುದು, ಗಂಟಲು ಒಣಗುವುದು ಎಲ್ಲ ಆಮೇಲೆ. ರೌಡಿ ಜ್ಞಾನೇಶನ ಕೊಲೆ ಕೇಸಿನ ಫೈಲು ಕೈಗೆ ಬಂದಾಗಿನಿಂದ ಆಕೆ ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ತಿಂದು ಭದ್ರಾವತಿ ಬಸ್ಸು ಹತ್ತಿದವಳಲ್ಲ.

ಆಕೆ ಸರ್ಕಾರಿ ವಕೀಲೆ. ಭದ್ರಾವತಿಯ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರದ ಪರ ನಿಂತು, ಕೊಲೆ ಸುಲಿಗೆ ಮಾಡಿದವರಿಗೆ ಶಿಕ್ಷೆ ಕೇಳುವುದು ಕೆಲಸ. ವರಾಂಡದಲ್ಲಿ ಎಲ್ಲರಿಗೂ ‘ಪಿಪಿ ಮೇಡಮ್’. ಅಪ್ಪ ಪೌರೋಹಿತ್ಯ ಮಾಡಿಕೊಂಡಿದ್ದವರು, ಮಗಳು ಶ್ಲೋಕ ಬಾಯಿಪಾಠ ಮಾಡುತ್ತ ಬೆಳೆದಳು. ಈಗ ಓದುವುದು ಹೆಣ ಕೊಯ್ದ ಡಾಕ್ಟರರ ವರದಿ. ರಸ್ತೆ ತಡೆ ಮಾಡಿ ಕೇಸು ಹಾಕಿಸಿಕೊಂಡ ನಮ್ಮಂಥವರ ವಿರುದ್ಧವೂ ವಾದ ಮಾಡಿದ್ದಾಳೆ. ಇಲ್ಲದ್ದನ್ನು ಸೇರಿಸಲಿಲ್ಲ, ಇದ್ದದ್ದನ್ನು ಬಿಡಲೂ ಇಲ್ಲ. ಆಕೆಯನ್ನು ಯಾರೂ ಧೈರ್ಯವಂತೆ ಅಂದದ್ದು ಕೇಳಿಲ್ಲ. ಹಲ್ಲಿ ಕಂಡರೆ ಗಂಡನನ್ನು ಕೂಗುವ ಹೆಂಗಸು.

ಕೇಸು ಇಷ್ಟು. ಭದ್ರಾವತಿಯಲ್ಲಿ ಜಮ್ಶೀದ್ ಅಂತ ಒಬ್ಬ ಬೈಕ್ ಮೆಕ್ಯಾನಿಕ್ ಇದ್ದ. ಕದ್ದು ತಂದ ಬೈಕುಗಳ ಚಾಸಿ ನಂಬರು ಉಜ್ಜಿ ತೆಗೆದುಕೊಡು ಅಂತ ಜ್ಞಾನೇಶನ ಹುಡುಗರು ಕೇಳಿದರು. ಆಗಲ್ಲ ಅಂದ. ಹಾಡಹಗಲು ಗ್ಯಾರೇಜಿನ ಮುಂದೆಯೇ ಮಚ್ಚಿನಲ್ಲಿ ಕಡಿದರು. ಮೊದಲ ಏಟು ಹಾಕಿದವನು ಜ್ಞಾನೇಶನೇ. ಮಗನಿಗೆ ಊಟ ತಂದಿದ್ದ ತಾಯಿ ಕರೀಮಾಬಿಯ ಕಣ್ಣೆದುರಿಗೇ ಅದು ನಡೆಯಿತು. ನೋಡಿದವರು ಇನ್ನೂ ಇದ್ದರು, ಎದುರಿನ ಟೈರ್ ಅಂಗಡಿಯವನು, ಟೀ ಮಾರುವವನು. ಕೋರ್ಟಿಗೆ ಬಂದು ಒಬ್ಬೊಬ್ಬರೂ ‘ನಾನು ಅವತ್ತು ಊರಲ್ಲೇ ಇರಲಿಲ್ಲ’ ಅಂದರು. ಉಳಿದದ್ದು ಆ ತಾಯಿ ಒಬ್ಬಳು.

ಜ್ಞಾನೇಶನನ್ನು ಬೇರೆ ಜಿಲ್ಲೆಯ ಜೈಲಿಗೆ ಹಾಕಿದ್ದರು. ಹಾಕಿದರೇನು, ಅಲ್ಲಿಂದಲೇ ಫೋನು ಮಾಡಿ ಇಲ್ಲಿ ಕೆಲಸ ಮಾಡಿಸುತ್ತಿದ್ದ. ಮೊದಲು ಈ ಕೇಸು ನಡೆಸುತ್ತಿದ್ದ ಹಿರಿಯಣ್ಣನವರು ಬೆಳಗಿನ ವಾಕಿಂಗಿಗೆ ಹೋದಾಗ ನವುಲೆ ಹತ್ತಿರ ಇಬ್ಬರು ಬೈಕಿನಲ್ಲಿ ಬಂದು ಬಲಗೈಗೆ ಮಚ್ಚಿನಲ್ಲಿ ಹೊಡೆದು ಹೋದರು. ಬೆರಳುಗಳು ಉಳಿಯಲಿಲ್ಲ. ಅವರು ನೌಕರಿಗೆ ರಾಜೀನಾಮೆ ಕೊಟ್ಟರು. ಆಮೇಲೆ ಆ ಫೈಲು ಮುಟ್ಟಲು ಒಬ್ಬರೂ ಮುಂದೆ ಬರಲಿಲ್ಲ. ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಮಗಳ ಬಾಣಂತನ. ಪ್ರಿಯಂವದಾಗೆ ಹೇಳಲು ನೆಪ ಹೊಳೆಯಲಿಲ್ಲ, ಅಷ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಜ್ಞಾನೇಶ ಒಂದು ಅರ್ಜಿ ಹಾಕಿದ. ತಂಗಿಯ ಮದುವೆ, ಒಂದು ದಿನದ ಮಟ್ಟಿಗೆ ಜಾಮೀನು ಕೊಡಿ ಅಂತ. ಪ್ರಿಯಂವದಾ ತಕರಾರು ಹಾಕಿದಳು: ಹೊರಗೆ ಬಂದರೆ ಸಾಕ್ಷಿ ಉಳಿಯುವುದಿಲ್ಲ. ನ್ಯಾಯಾಧೀಶರು ಅರ್ಜಿ ವಜಾ ಮಾಡಿದರು.

ಅದಾದ ವಾರದೊಳಗೆ ರವೀಂದ್ರನಗರದ ಅವಳ ಮನೆಗೆ ನೆಂಟರ ಹಾಗೆ ಇಬ್ಬರು ಬಂದರು. ಮನೆಯಲ್ಲಿದ್ದದ್ದು ಅತ್ತೆ ಸೀತಾಲಕ್ಷ್ಮಿ ಮಾತ್ರ. ಗಂಡಸು ಬಿಳಿ ಅಂಗಿ ಬಿಳಿ ಪಂಚೆ, ಹೆಂಗಸು ರೇಷ್ಮೆ ಸೀರೆ. ಕೈಯಲ್ಲಿ ಬೆಳ್ಳಿ ತಟ್ಟೆ, ಅಕ್ಷತೆ, ಲಗ್ನಪತ್ರಿಕೆಯ ಕಟ್ಟು. ಮದುವೆಗೆ ಕರೆಯಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಯಾರು ಎತ್ತ ಅಂತ ವಿಚಾರಿಸುವ ರೂಢಿ ನಮ್ಮಲ್ಲಿ ಎಲ್ಲಿದೆ? ಸೀತಾಲಕ್ಷ್ಮಿ ಒಳಗೆ ಕರೆದು ಚಾಪೆ ಹಾಸಿದರು, ಕಾಫಿ ಕೊಟ್ಟರು.

“ಮೇಡಮ್ ಬರೋದು ಎಷ್ಟೊತ್ತಾಗತ್ತೆ ಅಮ್ಮ?” ಹೆಂಗಸು ಕೇಳಿದಳು.

“ಆರೂವರೆ ಆಗತ್ತೆ. ಬಸ್ಸಲ್ಲಿ ಬರೋದಲ್ವ, ಇಳಿದು ಆ ಹಿಂದಿನ ಕ್ರಾಸಲ್ಲಿ ನಡ್ಕೊಂಡು ಬರ್ತಾಳೆ. ಆಟೋ ಮಾಡು ಅಂದ್ರೆ ಕೇಳಲ್ಲ.”

“ಒಬ್ರೇ ಬರ್ತಾರಾ?”

“ಒಬ್ಳೇ. ಅವಳಿಗೇನು ಭಯ.”

ಗಂಡಸು ಕೈ ತೊಳೆಯುವ ನೆಪದಲ್ಲಿ ಹಿತ್ತಲ ಬಾಗಿಲಿನವರೆಗೂ ಹೋಗಿ ಬಂದ. ಹೋಗುವಾಗ ಇಬ್ಬರೂ ಮುದುಕಿಯ ಕಾಲಿಗೆ ನಮಸ್ಕಾರ ಮಾಡಿದರು. “ಮೇಡಮ್ಮೋರು ಮದುವೆಗೆ ಬರ್ಲೇಬೇಕು. ಅವತ್ತು ಬೇರೆ ಕೆಲಸ ಏನಿದ್ರೂ ಬಿಡಕ್ಕೆ ಹೇಳಿ.”

ಸಂಜೆ ಪ್ರಿಯಂವದಾ ಪತ್ರಿಕೆ ಬಿಡಿಸಿದಳು. ಸುಖಾಗಮನ ಬಯಸುವವರ ಸಾಲಿನಲ್ಲಿ ಜ್ಞಾನೇಶನ ಹೆಸರಿತ್ತು. ಮದುವೆಯ ದಿನ ಕರೀಮಾಬಿಯ ಸಾಕ್ಷ್ಯಕ್ಕೆ ನಿಗದಿಯಾಗಿದ್ದ ದಿನವೇ. ಆಕೆ ನೇರ ಬಚ್ಚಲಿಗೆ ಹೋದಳು.

ಮಾರನೆಯ ದಿನ ಪತ್ರಿಕೆ ಹಿಡಿದು ಪೊಲೀಸ್ ಇನ್ಸ್‌ಪೆಕ್ಟರನ ಮುಂದೆ ಕೂತಳು. ಆತ ತಿರುಗಿಸಿ ಮುರುಗಿಸಿ ನೋಡಿದ.

“ಬೈದ್ರಾ ಮೇಡಮ್?”

“ಇಲ್ಲ.”

“ಹೆದರಿಸಿದ್ರಾ?”

“ಕಾಲಿಗೆ ಬಿದ್ದು ಹೋಗಿದಾರೆ.”

“ಕಾನೂನು ನನಗಿಂತ ನಿಮಗೇ ಗೊತ್ತು. ಮದುವೆಗೆ ಕರೆದಿದ್ದಕ್ಕೆ ಯಾವ ಸೆಕ್ಷನ್ ಹಾಕ್ಲಿ ಹೇಳಿ. ಬೀಟಿನವರಿಗೆ ಮನೆ ಕಡೆ ಒಂದು ಸುತ್ತು ಹೊಡೆಯಕ್ಕೆ ಹೇಳ್ತೀನಿ.”

ಅಲ್ಲಿಂದ ಹಿರಿಯಣ್ಣನವರ ಮನೆಗೆ ಹೋದಳು. ಅವರು ಪತ್ರಿಕೆಯನ್ನು ಎಡಗೈಯಲ್ಲಿ ತೆಗೆದುಕೊಂಡು ನೋಡಿ ತಕ್ಷಣ ವಾಪಸು ಕೊಟ್ಟರು, ಸುಡುವ ಪಾತ್ರೆ ಹಿಡಿದವರ ಹಾಗೆ.

“ನನ್ನನ್ನ ನಾಮಕರಣಕ್ಕೆ ಕರೆದಿದ್ರು ಕಣಮ್ಮ,” ಅಂದರು. “ಅವತ್ತೂ ಕೋರ್ಟ್ ಡೇಟ್ ಇತ್ತು. ನಾನು ನಗಾಡ್ಕೊಂಡು ಕೋರ್ಟಿಗೆ ಹೋದೆ. ಕರೆದಲ್ಲಿಗೆ ಹೋಗ್ಲಿಲ್ಲ ಅಂದ್ರೆ ಅವರೇ ಹುಡ್ಕೊಂಡು ಬರ್ತಾರೆ. ಅದು ಅವರ ಪದ್ಧತಿ.”

“ನಾನೇನು ಮಾಡ್ಲಿ ಸರ್?”

“ನನ್ನ ಕೇಳ್ಬೇಡ. ನನಗೆ ಈಗ ಗೇಟ್ ಶಬ್ದ ಆದ್ರೆ ಉಚ್ಚೆ ಬರತ್ತೆ.”

ಗಂಡ ವಿಷ್ಣುಪ್ರಸಾದ ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಡುವವನು. ಆ ರಾತ್ರಿ ಮನೆಯಲ್ಲಿ ಅಷ್ಟು ಜೋರಾಗಿ ಅವನ ದನಿ ಕೇಳಿದ್ದು ಅದೇ ಮೊದಲು. “ಒಂದು ದಿನ ಸಿಕ್ ಲೀವ್ ಹಾಕೇ ಮಾರಾಯ್ತಿ. ಜ್ವರ ಬಂತು ಅನ್ನು, ಬೇದಿ ಅನ್ನು.”

“ಬೇದಿ ನಿಜವಾಗ್ಲೂ ಇದೆ.”

“ಮತ್ತೆ ಇನ್ನೇನು. ಸುಳ್ಳೂ ಆಗಲ್ಲ.”

“ಆ ಮುದುಕಿ ಕರೀಮಾಬಿ ಇನ್ನೊಂದು ಸಲ ಬರಲ್ಲಾರೀ. ಇವತ್ತು ಬಾ ನಾಳೆ ಬಾ ಅಂತ ಆಗ್ಲೇ ಎರಡು ಸಲ ವಾಪಸ್ ಕಳ್ಸಿದೀವಿ. ಅವಳಿಲ್ಲ ಅಂದ್ರೆ ಕೇಸಿಲ್ಲ. ಅವನು ಹೊರಗೆ ಬರ್ತಾನೆ. ಬಂದ್ಮೇಲೆ ನನ್ನ ಬಿಡ್ತಾನೆ ಅಂತೀರಾ?”

ಬಾಗಿಲ ಬಳಿ ಕೂತು ಬತ್ತಿ ಹೊಸೆಯುತ್ತಿದ್ದ ಸೀತಾಲಕ್ಷ್ಮಿ ಕೇಳಿದರು: “ಅಲ್ಲ ಕಣೇ, ಮನೆಯಿಂದ ಒಬ್ರು ಹೋದ್ರೆ ಸಾಕಲ್ವ? ಕರೆದಿದ್ದು ಮನೆಗೆ ತಾನೇ?”

ಅದಕ್ಕೆ ಇಬ್ಬರೂ ಕಿವಿಗೊಡಲಿಲ್ಲ. ಕೊಲೆಗಡುಕರನ್ನು ಕರೆದು ಕಾಫಿ ಕೊಟ್ಟವಳು ತಾನು ಅನ್ನುವುದು ಆ ಜೀವವನ್ನು ಒಳಗೊಳಗೇ ತಿನ್ನುತ್ತಿತ್ತು. ಅದನ್ನೂ ಯಾರೂ ಕೇಳಲಿಲ್ಲ.

ಮದುವೆಯ ದಿನ ಬಂತು. ಪ್ರಿಯಂವದಾ ಬಸ್ಸಿನಲ್ಲಿ ದಿನಾ ಕೂರುವ ಡ್ರೈವರನ ಹಿಂದಿನ ಸೀಟು ಬಿಟ್ಟು ಕಂಡಕ್ಟರನ ಪಕ್ಕ ಕೂತಳು. ದಾರಿಯಲ್ಲಿ ಯಾವ ಬೈಕು ಬಸ್ಸಿನ ಜೊತೆಗೇ ಬಂದರೂ ಕಿಟಕಿಯಿಂದ ಮುಖ ಒಳಗೆಳೆದುಕೊಳ್ಳುತ್ತಿದ್ದಳು. ಒಬ್ಬ ಹುಡುಗ ಹೆಲ್ಮೆಟ್ ತೆಗೆದು ಕಿಟಕಿಯ ಕಡೆ ನೋಡಿದ. ಹಿಂದಿನ ಸೀಟಿನ ಹುಡುಗಿ ಅವನಿಗೆ ಕೈ ಬೀಸಿದಳು.

ಕರೀಮಾಬಿ ಬುರ್ಖಾ ಸರಿಮಾಡಿಕೊಂಡು ಕಟಕಟೆ ಹತ್ತಿದಳು. ಜ್ಞಾನೇಶ ಜೈಲಿನಿಂದ ವಿಡಿಯೋ ಪರದೆಯ ಮೇಲೆ ಬಂದ. ತಂಗಿಯ ಮದುವೆಗೆಂದು ಹೊಸ ಅಂಗಿ ಹಾಕಿದ್ದ. ಪ್ರಿಯಂವದಾ ಗ್ಯಾರೇಜು ಎಲ್ಲಿ, ಮಗ ಎಷ್ಟೊತ್ತಿಗೆ ಊಟ ಮಾಡುತ್ತಿದ್ದ ಅಂತ ಶುರುಮಾಡಿದಳು. ಹೊಡೆದವರು ಯಾರು ಅನ್ನುವ ಪ್ರಶ್ನೆಗೆ ಬರುವ ಮೊದಲೇ ಊಟದ ಬಿಡುವಾಯಿತು.

ಹೊರಗೆ ಬಂದು ಫೋನು ಆನ್ ಮಾಡಿದಳು. ಗುರುತಿಲ್ಲದ ನಂಬರಿನಿಂದ ಒಂದು ಫೋಟೋ ಬಂದಿತ್ತು. ಕಲ್ಯಾಣ ಮಂಟಪದ ಪಂಕ್ತಿಯಲ್ಲಿ ಬಾಳೆಲೆಯ ಮುಂದೆ ಸೀತಾಲಕ್ಷ್ಮಿ ಕೂತಿದ್ದಾರೆ. ಅವರ ಎರಡೂ ಪಕ್ಕದಲ್ಲಿ ದಪ್ಪ ಕತ್ತಿನ ಹುಡುಗರು. ಕೆಳಗೆ ಬರೆದಿತ್ತು: ‘ಅಮ್ಮ ಬಂದಿದ್ದಾರೆ. ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ. ನೀವು ಇವತ್ತಿನ ಕೆಲಸ ನಿಲ್ಲಿಸಿ ಬನ್ನಿ ಮೇಡಮ್.’

ವರಾಂಡದ ಬೆಂಚಿನ ಮೇಲೆ ಕೂತಳು. ಗಂಡನಿಗೆ ಫೋನು ಮಾಡಿದಳು. ಫೋಟೋ ವಿಷಯ ಕೇಳಿ “ಅಮ್ಮ ಮನೇಲಿಲ್ವಾ?” ಅಂದ. ಪಾಠ ಬಿಟ್ಟು ಸ್ಕೂಟರ್ ತೆಗೆದುಕೊಂಡು ಗಾಜನೂರು ರಸ್ತೆಯ ಆ ಮಂಟಪದ ಕಡೆ ಓಡಿದ. ಇನ್ಸ್‌ಪೆಕ್ಟರಿಗೆ ಫೋನು ಮಾಡಿದರೆ, “ಎಳ್ಕೊಂಡು ಹೋಗಿದಾರಾ ಮೇಡಮ್? ಅವರೇ ಆಟೋದಲ್ಲಿ ಹೋಗಿದ್ರೆ ಕಿಡ್ನ್ಯಾಪ್ ಹೇಗಾಗತ್ತೆ? ಇರಿ, ಜೀಪ್ ಕಳಿಸ್ತೀನಿ,” ಅಂದ. ಜೀಪು ಯಾವಾಗ ಹೊರಡುತ್ತದೆ ಅಂತ ಹೇಳಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಕರೀಮಾಬಿ ಹತ್ತಿರ ಸರಿದಳು. ಪ್ರಿಯಂವದಾ ಫೋಟೋ ತೋರಿಸಿದಳು. ತೋರಿಸಬಾರದಿತ್ತೋ ಏನೋ.

“ನಿಮ್ಮ ಅಮ್ಮಾನಾ?”

“ಅತ್ತೆ.”

ಕರೀಮಾಬಿ ಫೋನು ವಾಪಸು ಕೊಟ್ಟಳು. “ಮುಂದಕ್ಕೆ ಹಾಕಿಸ್ತೀರಾ? ಹಾಕಿಸೋದಾದ್ರೆ ಈಗ್ಲೇ ಹೇಳಿ ಬೇಟಿ. ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ನಾ ಮತ್ತೆ ಬರಲ್ಲ. ನನ್ನ ಮನೆ ಬಾಗ್ಲಿಗೂ ದಿನಾ ಬರ್ತಾರೆ. ಇವತ್ತು ಬರಕ್ಕೆ ಎಷ್ಟು ಧೈರ್ಯ ಬೇಕೋ ಅಷ್ಟೇ ತಂದಿದ್ದೆ. ಇನ್ನು ಉಳಿದಿಲ್ಲ.”

ಪ್ರಿಯಂವದಾ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿ ಬಂದಳು. ಒಳಗಿನಿಂದ ಜವಾನ ಕೇಸಿನ ಹೆಸರು ಕೂಗಿದ. ಇಬ್ಬರೂ ಎದ್ದರು.

ನ್ಯಾಯಾಧೀಶರು ‘ಮುಂದುವರಿಸಿ’ ಅಂದರು. ಇಲ್ಲೇ ‘ಕಾಲಾವಕಾಶ ಬೇಕು ಸ್ವಾಮಿ’ ಅಂದರೆ ಮುಗಿಯಿತು, ಅತ್ತೆ ಮನೆಗೆ ಬರುತ್ತಾರೆ. ಆ ಮಾತು ನಾಲಿಗೆ ತುದಿಯವರೆಗೂ ಬಂದಿತ್ತು ಅಂತ ಆಕೆ ಆಮೇಲೆ ಹೇಳಿದಳು. ಪರದೆಯ ಮೇಲೆ ಜ್ಞಾನೇಶ ಕುತ್ತಿಗೆ ಮುಂದೆ ಮಾಡಿ ಕಾಯುತ್ತಿದ್ದ. ಅವನಿಗೂ ಆ ಮಾತು ಬರುತ್ತದೆ ಅಂತ ಗೊತ್ತಿತ್ತು. ಆ ಮುಖ ನೋಡಿ ಪ್ರಿಯಂವದಾಗೆ ಒಂದು ಸಂಗತಿ ಖಚಿತವಾಯಿತು: ಇವತ್ತು ನಿಲ್ಲಿಸಿದರೆ, ಮುಂದಿನ ಪ್ರತಿ ತಾರೀಖಿಗೂ ಮನೆಯ ಒಬ್ಬೊಬ್ಬರ ಫೋಟೋ ಬರುತ್ತದೆ. ನೀರು ಕುಡಿದು ಕೇಳಿದಳು.

“ನಿಮ್ಮ ಮಗನಿಗೆ ಮೊದಲು ಹೊಡೆದವರು ಇಲ್ಲಿ ಕಾಣ್ತಾರಾ?”

ಕರೀಮಾಬಿ ಪರದೆಯ ಕಡೆ ಬೆರಳು ತೋರಿಸಿದಳು. “ಅವನು. ಹೊಸ ಅಂಗಿ ಹಾಕಿದಾನಲ್ಲ, ಅವನೇ.”

ಜ್ಞಾನೇಶ ಕುರ್ಚಿಗೆ ಒರಗಿದ. ಪಕ್ಕದಲ್ಲಿದ್ದ ಯಾರಿಗೋ ಏನೋ ಹೇಳಿದ, ಮೈಕು ಆಫ್ ಆಗಿತ್ತು. ಅವನ ವಕೀಲ ಪಾಟಿ ಸವಾಲಿಗೆ ಸಮಯ ಕೇಳಿದ. ಬೇರೆ ತಾರೀಖು ಬಿತ್ತು.

ವರಾಂಡಕ್ಕೆ ಬಂದು ಆಕೆ ಫೋನು ನೋಡುತ್ತ ನಿಂತಳು. ಬಂದದ್ದು ಗಂಡನ ಕರೆ. “ಮಂಟಪದಲ್ಲಿ ಅಮ್ಮ ಇರ್ಲಿಲ್ಲ. ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂದ್ರು. ಮನೆಗೆ ಬಂದು ನೋಡಿದ್ರೆ ಜಗುಲಿ ಮೇಲೆ ಕೂತಿದಾಳೆ.”

ಪ್ರಿಯಂವದಾ ಮನೆಗೆ ಬಂದ ಮೇಲೆ ಸೀತಾಲಕ್ಷ್ಮಿ ನಡೆದದ್ದನ್ನು ಹೇಳಿದರು.

“ಮನೆಯಿಂದ ಒಬ್ರು ಹೋದ್ರೆ ಮರ್ಯಾದೆ ಉಳಿಯತ್ತೆ, ಅವರಿಗೂ ಸಿಟ್ಟಿರಲ್ಲ ಅಂದ್ಕೊಂಡೆ. ಆ ಜ್ಞಾನೇಶನ ತಾಯಿ ಬಾಗ್ಲಲ್ಲೇ ಕೈ ಹಿಡ್ಕೊಂಡ್ಲು. ಬಿಡ್ಲೇ ಇಲ್ಲ ಕಣೇ. ಕೈ ತೊಳೆಯಕ್ಕೂ ಜೊತೆಗೇ ಬಂದ್ಲು. ಬಡಿಸಿದ್ದು ಯಾವುದನ್ನೂ ಮುಟ್ಲಿಲ್ಲ. ಪಕ್ಕದ ಹುಡುಗ ‘ತಿನ್ನಿ ಅಜ್ಜಿ, ವಿಷ ಹಾಕಿಲ್ಲ’ ಅಂತ ನಗ್ತಾನೆ. ಆಮೇಲೆ ಯಾರಿಗೋ ಫೋನ್ ಬಂತು. ಎಲ್ಲರ ಮುಖ ಬದಲಾಯ್ತು. ಎಲೆ ಮುಂದಿಂದ ಎಬ್ಬಿಸಿ ಕಾರಿಗೆ ಹತ್ಸಿದ್ರು. ಸತ್ತೆ ಅಂದ್ಕೊಂಡೆ. ವಿಳಾಸ ಕೇಳ್ದೇನೇ ಆ ಹುಡುಗ ನಮ್ಮ ಗೇಟಿಗೆ ತಂದು ನಿಲ್ಸಿದ.”

“ಏನಾದ್ರೂ ಅಂದನಾ?”

“‘ಇವತ್ತು ನಮ್ಮನೆ ಮದುವೆ ಅಜ್ಜಿ, ಕೆಟ್ಟದ್ದು ಮಾಡಬಾರ್ದು. ಅದಕ್ಕೆ ಬಿಟ್ಟಿದೀವಿ’ ಅಂದ.”

ಪ್ರಿಯಂವದಾ ಬೈಯಬೇಕೆಂದುಕೊಂಡಿದ್ದಳು. ಬೈಯಲಿಲ್ಲ. ಅತ್ತೆಯ ಮಣಿಕಟ್ಟಿನ ಮೇಲೆ ಇನ್ನೊಬ್ಬಳ ಬೆರಳಿನ ಗುರುತು ಹಾಗೇ ಇತ್ತು.

ಸರ್ಕಾರ ಒಬ್ಬ ಗನ್‌ಮ್ಯಾನನ್ನು ಕೊಟ್ಟಿತು, ಆಕೆಗೆ ಮಾತ್ರ. ಮನೆಯವರಿಗೆ ಕೊಡುವ ಅವಕಾಶವಿಲ್ಲವಂತೆ. ವಿಷ್ಣುಪ್ರಸಾದ ಕಾಲೇಜಿಗೆ ಹೋಗುವಾಗ ಇಬ್ಬರು ಸಹೋದ್ಯೋಗಿಗಳು ಸ್ಕೂಟರಿನಲ್ಲಿ ಹಿಂದೆ ಮುಂದೆ ಬರುತ್ತಾರೆ. ಹೆದರಿದ ಮೇಷ್ಟರುಗಳು, ಹೆಲ್ಮೆಟ್ ಬಿಟ್ಟರೆ ಆಯುಧವಿಲ್ಲ. ಸೀತಾಲಕ್ಷ್ಮಿಯನ್ನು ಒಬ್ಬರನ್ನೇ ಮನೆಯಲ್ಲಿ ಬಿಡುವಂತಿಲ್ಲ. ಹಾಗಾಗಿ ಪಾಟಿ ಸವಾಲಿನ ದಿನ ಪ್ರಿಯಂವದಾ ಅತ್ತೆಯನ್ನೂ ಭದ್ರಾವತಿಗೆ ಕರೆದುಕೊಂಡು ಬಂದಳು. ಸಾಕ್ಷಿಗಳು ಕೂರುವ ಬೆಂಚಿನಲ್ಲಿ ಕರೀಮಾಬಿಯ ಪಕ್ಕ ಕೂರಿಸಿದಳು.

“ನೀವ್ಯಾಕೆ ಬಂದ್ರಿ ಅಮ್ಮಾ?” ಕರೀಮಾಬಿ ಕೇಳಿದಳು. ಇನ್ನು ಬರುವುದಿಲ್ಲ ಅಂದಿದ್ದವಳು ಬಂದಿದ್ದಳು.

“ಮನೇಲಿ ಒಬ್ಳೇ ಇರಕ್ಕೆ ಭಯ.”

“ನನಗೂ ಹಾಗೇ. ಇಲ್ಲಿ ಭಯ ಇಲ್ಲ ಅಂತಲ್ಲ.”

ಜವಾನ ಹೆಸರು ಕೂಗಿದ. ಕರೀಮಾಬಿ ಎದ್ದು ಒಳಗೆ ಹೋದಳು. ಅವತ್ತು ಜ್ಞಾನೇಶನ ವಕೀಲ ಸಂಜೆಯವರೆಗೂ ಅವಳನ್ನು ಪ್ರಶ್ನೆ ಕೇಳಿದ. ಅವಳು ಹೇಳಿದ್ದನ್ನು ಬದಲಿಸಲಿಲ್ಲ. ಪ್ರಿಯಂವದಾ ಮೇಜಿನ ಅಂಚು ಹಿಡಿದುಕೊಂಡೇ ನಿಂತಿದ್ದಳು. ಹಿಂದಿನ ಬಾಗಿಲು ತೆರೆದಾಗಲೆಲ್ಲ ತಿರುಗಿ ನೋಡುತ್ತಿದ್ದಳು, ಮೊದಲು ಬಾಗಿಲಿನ ಕಡೆ, ಆಮೇಲೆ ಹೊರಗೆ ಅತ್ತೆ ಕೂತಿದ್ದ ಬೆಂಚಿನ ಕಡೆ.