ಬೇಲಿಯಾಚೆಯಿಂದ ಮೆಲೆ ಹೇಳಿದ "ಹೋಗು"

ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ನಾವು ಬಾಡಿಗೆ ಮನೆ ಹಿಡಿದ ಮೊದಲ ಸೋಮವಾರ, ಕೆಲಸಕ್ಕೆ ಹೊರಟ ನನ್ನ ಯಜಮಾನರಿಗೆ ಪಕ್ಕದ ಮನೆಯ ಮೆಲೆ ಕೈಬೀಸಿ "ಅಲು ಆ" ಎಂದಳು. ಅವಳು ಟೋಂಗಾ ದ್ವೀಪದವಳು. ಹಾಗೆಂದರೇನೆಂದು ಕೇಳಿದೆ.

"ಹೋಗು ಅಂತ. ಹೊರಟವರಿಗೆ ನಾವು ಹಾಗೇ ಹೇಳೋದು. ಉಳಿದವರಿಗೆ 'ನೊಫೊ ಆ'. ಇರು ಅಂತ."

ನನಗದು ಅಪಶಕುನವೆನಿಸಿತು. ನಮ್ಮ ಮೈಸೂರಿನಲ್ಲಿ "ಹೋಗಿ ಬರ್ತೀನಿ" ಎನ್ನದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಸಂಜೆ ಇವರಿಗೆ ಹೇಳಿದರೆ ನಕ್ಕರು. "ಅವಳು ಹೋಗು ಅಂದ್ರೆ ಹೋಗೇಬಿಡ್ತೀನೇನೆ? ರೆಂಟ್ ಯಾರು ಕಟ್ತಾರೆ?"

ಮನೆಯಾಚೆ ಕನ್ನಡ ಕಿವಿಗೆ ಬೀಳಲು ಕನ್ನಡದವರು ಸೇರುವ ಭಾನುವಾರದವರೆಗೆ ಕಾಯಬೇಕಿತ್ತು. ಹಾಗಾಗಿ ಮೆಲೆಯ ಮಾತು ಕಲಿತೆ. ಹಾಉ, ಬಾ. ಕಾಯ್, ತಿನ್ನು. ಮೊಹೆ, ಮಲಗು. ನಮ್ಮ ಕೆಸುವಿನ ಗೆಡ್ಡೆಯನ್ನೇ ಅವಳು ತೆಂಗಿನ ಹಾಲಿನಲ್ಲಿ ಬೇಯಿಸಿ ತರುತ್ತಿದ್ದಳು. ನನ್ನ ಹುಳಿಗೆ ಮೂಗಲ್ಲಿ ನೀರು ಸುರಿಸಿಕೊಂಡು ಇನ್ನಷ್ಟು ಬಡಿಸೆನ್ನುತ್ತಿದ್ದಳು.

ಮೂರನೆಯ ಚಳಿಗಾಲ ಇವರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕುಸಿದುಬಿದ್ದರು. ಮನೆಗೆ ಮರಳಲಿಲ್ಲ.

ಕನ್ನಡದವರು ಬಂದರು, ಅತ್ತರು. "ಬನ್ನಿ ಅಂತ ಹೇಳಬೇಡಿ ಆಂಟಿ, ನಾವೂ ಹೇಳದೇ ಹೊರಡ್ತೀವಿ" ಎಂದಳು ಒಬ್ಬಳು. ಸಾವಿನ ಮನೆಯ ಪದ್ಧತಿ ಅದು, ನನಗೂ ಗೊತ್ತು. ಆದರೆ ಊರಿನಲ್ಲಿ ಹಾಗೆ ಹೇಳದೇ ಎದ್ದು ಹೋದವರು ಮರುದಿನ ಅನ್ನ ಸಾರು ಹಿಡಿದು ಬರುತ್ತಿದ್ದರು. ಇಲ್ಲಿಗೆ ವಿಮಾನ ಹತ್ತುವಾಗ ಪದ್ಧತಿಯ ಅರ್ಧವನ್ನು ಮಾತ್ರ ತಂದಿದ್ದರು.

ಮೆಲೆ ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಬಂದಳು. ಅವರಲ್ಲಿ ಸಾವಿಗೆ ಉಡುವುದು ಹಾಗೆ. ದಿನವೂ ಬಂದಳು. "ಕಾಯ್" ಎನ್ನುವಳು. ನಾನು ಬೇಡವೆಂದು ತಲೆಯಾಡಿಸಿದರೆ "ಮೊಹೆ" ಎನ್ನುವಳು. ಏಳುವಾಗ "ನೊಫೊ ಆ". ಇರು ಅಂತೆ. ಯಾರ ಜೊತೆ ಇರಲಿ?

ಮೆಲ್ಬರ್ನ್‌ನಲ್ಲಿ ಓದುತ್ತಿದ್ದ ಮಗಳು ಫೋನಿನಲ್ಲಿ "ಮಾ, ಪ್ಲೀಸ್, ಜಸ್ಟ್ ಕಮ್" ಎನ್ನುತ್ತಲೇ ಇದ್ದಳು. ಇವರು ಓಡಾಡಿದ ಮನೆ ಬಿಡಲು ಮನಸ್ಸಿರಲಿಲ್ಲ. ಒಬ್ಬಳೇ ಬಾಡಿಗೆ ಕಟ್ಟುವ ಶಕ್ತಿಯೂ ಇರಲಿಲ್ಲ. ಕೊನೆಗೆ ಒಪ್ಪಿದೆ.

ಹೊರಟ ದಿನ ಮೆಲೆ ಬೇಲಿಯ ಹತ್ತಿರ ಬಾಯಿ ಬಿಗಿಹಿಡಿದು ನಿಂತಿದ್ದಳು. 'ಹೋಗು' ಎಂಬ ಮಾತು ನನಗೆ ಚುಚ್ಚುತ್ತದೆಂದು ಹಿಂದೊಮ್ಮೆ ಅವಳಿಗೆ ಹೇಳಿದ್ದೆ.

"ಹೇಳೇ, ಪರವಾಗಿಲ್ಲ," ಎಂದೆ.

"ಅಲು ಆ," ಎಂದು ಅತ್ತಳು.

"ನೊಫೊ ಆ," ಎಂದೆ. ಅವಳಿಗೆ ಹೇಳಿದೆ, ಬೀಗ ಬಿದ್ದ ಬಾಗಿಲಿನತ್ತ ನೋಡುತ್ತಾ.

ಈಗ ಮೆಲ್ಬರ್ನ್‌ನಲ್ಲಿದ್ದೇನೆ. ಮಗಳು ಬೆಳಿಗ್ಗೆ "ಬೈ ಮಾ" ಎಂದು ಬಾಗಿಲು ಎಳೆದುಕೊಳ್ಳುತ್ತಾಳೆ. ನಾನು ಮತ್ತೆ ಬಾಗಿಲು ತೆಗೆದು "ಹೋಗಿ ಬಾ" ಎನ್ನುತ್ತೇನೆ. ಮೈಸೂರು ಬಿಡುವಾಗ ನಾನೂ ಇವರೂ ಊರಿನಲ್ಲುಳಿದ ನಿಮಗೆಲ್ಲ "ಹೋಗಿ ಬರ್ತೀವಿ" ಎಂದು ಹೇಳಿಯೇ ಹೊರಟಿದ್ದೆವು. ಇಬ್ಬರು ಕೊಟ್ಟ ಮಾತನ್ನು ಒಬ್ಬಳೇ ಬಂದು ಹೇಗೆ ತೀರಿಸಲಿ?